ಕೆಟ್ಟ ಸುಳಿಯ ಬಳುವಳಿ

ನನ್ನ ಮದುವೆಯಲ್ಲಿ ಜನ ನನಗಿಂತ ಹೆಚ್ಚು ಹೊತ್ತು ನೋಡಿದ್ದು ನನ್ನ ಬಳುವಳಿ ಹಸುವನ್ನು. ನಾನು ಹಸೆಯ ಮೇಲೆ ಕೂತಿದ್ದೆ. ಅದು ಚಪ್ಪರದ ಆಚೆ ಕಂಬಕ್ಕೆ ಕಟ್ಟಿಸಿಕೊಂಡು ನಿಂತಿತ್ತು. ಗಂಡಿನ ಕಡೆಯ ಹಿರಿಯರು ಒಬ್ಬೊಬ್ಬರಾಗಿ ಅದರ ಹತ್ತಿರ ಹೋಗಿ, ಬೆನ್ನು ಸವರಿ, ಬಗ್ಗಿ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಊಟಕ್ಕೆ ಹೋದರು. ಏನೋ ಎಡವಟ್ಟಾಗಿದೆ ಎಂದು ನನಗೆ ಅಲ್ಲಿಂದಲೇ ಗೊತ್ತಾಯಿತು.

ಬಳುವಳಿ ಎಂದರೆ ಮಗಳನ್ನು ಕಳಿಸುವಾಗ ತವರಿನವರು ಜೊತೆಗೆ ಕೊಟ್ಟು ಕಳಿಸುವ ಉಡುಗೊರೆ. ನಮ್ಮ ಕಡೆ ಕೈಲಾದವರು ಹಸು ಕೊಡುತ್ತಿದ್ದರು. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ನಮ್ಮಪ್ಪನಿಗೆ ಆ ವರ್ಷ ಕೈಲಾಗುತ್ತಿರಲಿಲ್ಲ, ಆದರೂ ಕೊಟ್ಟರು. ಅಪ್ಪ ತಮ್ಮ ಹತ್ತಿರ ಇದ್ದದ್ದನ್ನೆಲ್ಲ ಕೊಬ್ಬರಿಯಲ್ಲೇ ಹಾಕಿದ್ದರು. ಅಟ್ಟದ ತುಂಬ ಕಾಯಿ, ಹಜಾರದ ತುಂಬ ಕೊಬ್ಬರಿ ಮೂಟೆ. ನಾನು ಮಿಡ್ಲ್ ಸ್ಕೂಲು ಮುಗಿಸಿದ ವರ್ಷ ಧಾರಣೆ ಬಿದ್ದುಹೋಯಿತು. ಕೇಳುವವರೇ ಇಲ್ಲ. ಹಾಸನದಲ್ಲಿ ನನ್ನ ಸೋದರತ್ತೆಯ ಮನೆಯಲ್ಲಿಟ್ಟು ಹೈಸ್ಕೂಲು ಓದಿಸುತ್ತೇನೆ ಎಂದು ಹೇಳಿದ್ದವರು ಒಂದು ದಿನ ನನ್ನನ್ನು ಕರೆದು, ‘ಈ ವರ್ಷ ಆಗಾಕಿಲ್ಲ ಕಣವ್ವ’ ಎಂದರು. ಮುಂದಿನ ವರ್ಷ ಹೊಳೆನರಸೀಪುರದ ದಿನಸಿ ಅಂಗಡಿಯವರ ಮನೆಗೆ ನನ್ನನ್ನು ಮದುವೆ ಮಾಡಿಕೊಟ್ಟರು. ನನಗೆ ಹದಿನೈದು. ಅಪ್ಪನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಆ ಮೂಟೆಗಳ ಮೇಲೆ ಬಂತು.

ಹಸುವಿನ ಎಡವಟ್ಟು ಏನೆಂದು ಮಾರನೆಯ ದಿನ ತಿಳಿಯಿತು. ಅಪ್ಪ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಕೊಬ್ಬರಿ ಎಂಥದೆಂದು ಹೇಳಬಲ್ಲವರು, ಆದರೆ ದನದ ವಿಷಯದಲ್ಲಿ ಏನೂ ಅರಿಯದವರು. ಸಂತೆಯಲ್ಲಿ ಚೆಂದದ ಹಸು ಅಗ್ಗಕ್ಕೆ ಸಿಕ್ಕಿತೆಂದು ಖುಷಿಯಲ್ಲಿ ಹೊಡೆದುಕೊಂಡು ಬಂದಿದ್ದರು. ಅಗ್ಗ ಏಕೆಂದು ಕೇಳಿರಲಿಲ್ಲ. ಅದರ ಬೆನ್ನಿನ ಮೇಲೆ, ಹಿಂಭಾಗಕ್ಕೆ, ಕೂದಲು ತಿರುಗಿ ಒಂದು ಜೋಡಿ ಸುಳಿ ಇತ್ತು. ದನ ಕೊಳ್ಳುವವರು ಹಲ್ಲು ನೋಡುವ ಮೊದಲು ಸುಳಿ ನೋಡುತ್ತಾರೆ. ಒಳ್ಳೆಯ ಸುಳಿ ಇದ್ದರೆ ಮನೆ ಏಳಿಗೆಯಾಗುತ್ತದೆ, ಕೆಟ್ಟದಿದ್ದರೆ ಒಡೆಯನಿಗೆ ಕೇಡು. ನಮ್ಮ ಹಸುವಿನದು ಕೆಟ್ಟದರಲ್ಲಿ ಕೆಟ್ಟದ್ದು.

ಅತ್ತೆ ಅದನ್ನು ಕೊಟ್ಟಿಗೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಮೂರು ದಿನ ಅದು ಹಿತ್ತಲ ಹುಣಸೆ ಮರದಡಿ ನಿಂತಿತ್ತು. ನಾನು ಹೊಸ ಸೀರೆಯುಟ್ಟುಕೊಂಡು ಅದಕ್ಕೆ ಹುಲ್ಲು ಹಾಕಿ ಬರುತ್ತಿದ್ದೆ. ವಾಪಸು ಕಳಿಸಿದರೆ ಬೀಗರಿಗೆ ಅವಮಾನ, ಇಟ್ಟುಕೊಂಡರೆ ಮಗನಿಗೆ ಕೇಡು. ನಾಲ್ಕನೆಯ ದಿನ ಮಾವ ಒಂದು ದಾರಿ ಹುಡುಕಿದರು. ಹಾಸನದ ಆಚೆ ಸಾಲಗಾಮೆಯಿಂದ ಒಬ್ಬಳು ಒಕ್ಕಲಿನ ಮುದುಕಿ ನಮ್ಮ ಅಂಗಡಿಗೆ ಅವರೆ, ಹುರುಳಿ ತಂದು ಹಾಕುತ್ತಿದ್ದಳು. ಅವಳಿಗೆ ಹೇಳಿದರು:

‘ಇದನ್ನ ಪಾಲಿಗೆ ಇಟ್ಕೋ. ಹಾಲು, ಗೊಬ್ಬರ ನಿಂದು. ಮೊದ್ಲ ಕರು ನಿಂದು, ಎರಡ್ನೇದು ನಮ್ಮ ಸೊಸೇದು. ಹಂಗೇ ಒಂದು ಬಿಟ್ಟು ಒಂದು. ನಮ್ಮ ಮನೆ ಕಡೆ ಮಾತ್ರ ಹೊಡ್ಕೊಂಡು ಬರಬ್ಯಾಡ.’

‘ನಮ್ಮ ಸೊಸೇದು’ ಎಂದದ್ದು ಪ್ರೀತಿಯಿಂದಲ್ಲ. ಆ ಸುಳಿಗೆ ಒಡೆಯನಾಗಲು ಮನೆಯ ಗಂಡಸರಲ್ಲಿ ಯಾರೂ ಮುಂದೆ ಬರಲಿಲ್ಲ, ಅಷ್ಟೆ. ಹಾಗೆ ಆ ಹಸು, ಕೊಂಬಿನಿಂದ ಬಾಲದವರೆಗೆ, ನನ್ನದೊಬ್ಬಳದೇ ಆಯಿತು. ಆ ಮನೆಯಲ್ಲಿ ನನ್ನದು ಎನ್ನುವುದಕ್ಕೆ ಇನ್ನೇನೂ ಇರಲಿಲ್ಲ.

ಒಂದು ವರ್ಷದ ಮೇಲೆ ಹಾಸನದ ಸೋದರತ್ತೆಯ ಮನೆಗೆ ಹೋದಾಗ, ಅವರ ಗಾಡಿ ಕಟ್ಟಿಸಿಕೊಂಡು ಸಾಲಗಾಮೆಗೆ ಹೋದೆ. ಮುದುಕಿ ಹಟ್ಟಿಯ ಮುಂದೆ ಕೂತು ರಾಗಿ ಕೇರುತ್ತಿದ್ದಳು. ಹಸುವಿನ ಪಕ್ಕದಲ್ಲಿ ಬೆಳ್ಳನೆಯ ಹೋರಿಗರು. ನಾನು ಮೊದಲು ಮಾಡಿದ ಕೆಲಸ ಅದರ ಬೆನ್ನು ಸವರಿ ನೋಡಿದ್ದು.

‘ಯಾಕವ್ವ, ಸುಳಿ ಉಡುಕ್ತಿದ್ದೀಯಾ?’ ಎಂದು ಮುದುಕಿ ನಕ್ಕಳು. ‘ತಾಯಿ ಸುಳಿ ಕರೂಗೆ ಬರಾಕಿಲ್ಲ ಕಣವ್ವ. ಬಂದ್ರೆ ನೂರ್ಕೊಂದು. ಈ ಕರೂಗೆ ಎಂಥ ಸುಳಿ ಐತೆ ನೋಡು, ದಲ್ಲಾಳಿ ಬಂದು ಕೈ ಮುಗಿದು ತಕ್ಕೊಂಡೋಗ್ಬೇಕು.’

‘ನಿಂಗೆ ಭಯ ಇಲ್ವಾ ಅಜ್ಜಿ, ಈ ಹಸು ಇಟ್ಕೊಳ್ಳಕ್ಕೆ?’

‘ಸುಳಿ ದ್ವಾಸ ಒಡೆಯಂಗೆ, ಸಾಕೋರ್ಗಲ್ಲ. ಒಡತಿ ನೀನು. ಎಂಗ್ಸು ಒಡತಿ ಆದ್ರೆ ಏನಾಗ್ತದೆ ಅಂತ ಸುಳಿ ನೋಡೋರು ಯಾರೂ ಯೋಳಿಲ್ಲ. ಎಂಗುಸ್ರಿಗೆ ದನ ಇರ್ತದೆ ಅಂತ ಅವ್ರಿಗೆ ಗೊತ್ತಿದ್ರೆ ತಾನೆ?’

ಆ ದಿನ ಗಾಡಿಯಲ್ಲಿ ವಾಪಸು ಬರುವಾಗ ನನ್ನ ತಲೆಯ ತುಂಬ ಲೆಕ್ಕ. ಕೆಟ್ಟ ಸುಳಿಯ ಕಡಸು, ಅಂದರೆ ಇನ್ನೂ ಕರು ಹಾಕದ ಹಸು, ಅರ್ಧ ಬೆಲೆಗೆ ಸಿಗುತ್ತದೆ. ಅದರ ಕರುವಿಗೆ ಪೂರ್ತಿ ಬೆಲೆ. ಮೇವು, ನೀರು, ಕೊಟ್ಟಿಗೆ, ಯಾವ ಖರ್ಚೂ ನನ್ನದಲ್ಲ. ಬೇಕಾದದ್ದು ಕಾಯುವ ತಾಳ್ಮೆ ಒಂದೇ. ಕಾಯುವುದನ್ನು ಹದಿನಾರು ವರ್ಷದ ಸೊಸೆಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಬೆಳಗಿನಿಂದ ರಾತ್ರಿಯವರೆಗೆ ಅದೇ ಕೆಲಸ.

ಯುಗಾದಿಗೆ ಸೀರೆ ಕೊಳ್ಳು ಎಂದು ಅಪ್ಪ ಕೊಟ್ಟು ಕಳಿಸಿದ ದುಡ್ಡಿತ್ತು. ಹಬ್ಬಕ್ಕೆ ಹಳೆಯ ಸೀರೆಯನ್ನೇ ಮಡಿಕೆ ಮುರಿಯದಂತೆ ಉಟ್ಟು, ಹಾಸನಕ್ಕೆ ಹೋದಾಗ ಮುದುಕಿಯನ್ನು ಜೊತೆ ಮಾಡಿಕೊಂಡು ದನದ ಸಂತೆಗೆ ಹೋದೆ. ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ಮೊದಲೇ ಹೇಳಿದ್ದೆ. ಅವರು ಜಗಳ ಎಂದರೆ ದೂರ ಹೋಗುವ ಮನುಷ್ಯ. ‘ಅಪ್ಪಂಗೆ ಗೊತ್ತಾದ್ರೆ ನಾನು ಊರಲ್ಲಿರಲ್ಲ, ನೀನೇ ಮಾತಾಡ್ಕೋ’ ಎಂದರು. ನನಗೆ ಅಷ್ಟು ಒಪ್ಪಿಗೆ ಸಾಕಾಗಿತ್ತು.

ದನದ ಸಂತೆಯಲ್ಲಿ ಯಾರೂ ಬಾಯಿಬಿಟ್ಟು ಬೆಲೆ ಹೇಳುವುದಿಲ್ಲ. ಟವೆಲಿನ ಕೆಳಗೆ ಕೈ ಇಟ್ಟು, ದಲ್ಲಾಳಿ ಕೊಳ್ಳುವವನ ಬೆರಳು ಹಿಡಿದು ಬೆಲೆ ತಿಳಿಸುತ್ತಾನೆ. ಕೊನೆಗೆ ಎರಡೂ ಕಡೆಯಿಂದ ದಲ್ಲಾಳಿಗೆ ದುಡ್ಡು. ಹೆಂಗಸು ಪರ ಗಂಡಸಿನ ಟವೆಲಿನೊಳಗೆ ಕೈ ಹಾಕುವುದುಂಟೆ? ನಾನು ಹೆದರಿಕೊಂಡೇ ಹೋಗಿದ್ದೆ. ಆದರೆ ಕೆಟ್ಟ ಸುಳಿಯ ದನಗಳನ್ನು ಸಂತೆಯ ಹೊರಗೆ, ಕೆರೆಯ ಏರಿಯ ಹತ್ತಿರ ಕಟ್ಟಿರುತ್ತಾರೆ, ಅಲ್ಲಿಗೆ ಯಾವ ದಲ್ಲಾಳಿಯೂ ಸುಳಿಯುವುದಿಲ್ಲ. ಬಿಸಿಲಲ್ಲಿ ಕೂತು ಕೂತು ಬೇಸತ್ತ ರೈತನನ್ನು ನೇರವಾಗಿ ಕೇಳಿದೆ, ನೇರವಾಗಿ ಹೇಳಿದ. ಎರಡು ಕಡಸು ಕೊಂಡೆ. ದಲ್ಲಾಳಿಗೆ ಒಂದು ಕಾಸೂ ಕೊಡಲಿಲ್ಲ. ಆ ರೈತ ಹಗ್ಗ ಕೈಗೆ ಕೊಡುವಾಗ, ‘ಸುಳಿ ನೋಡ್ಕೊಂಡ್ರಾ ತಾಯಿ, ಆಮ್ಯಾಕೆ ನನ್ನ ಬಯ್ಬ್ಯಾಡಿ’ ಎಂದ. ಸುಳಿ ನೋಡಿಕೊಂಡೇ ಬಂದಿದ್ದೇನೆ ಕಣಪ್ಪ ಎಂದೆ.

ಮಾವನಿಗೆ ಗೊತ್ತಾಗದೆ ಇರುತ್ತದೆಯೆ? ಸಂತೆಯ ಮಾತು ನನಗಿಂತ ಮೊದಲು ಹೊಳೆನರಸೀಪುರಕ್ಕೆ ಬಂದು ಅಂಗಡಿಯಲ್ಲಿ ಕೂತಿತ್ತು. ನಾನು ನಡುಮನೆಯ ಬಾಗಿಲ ಹಿಂದೆ ನಿಂತು ಬೈಗುಳ ಕೇಳಿದೆ. ಸುಳಿಯ ದೋಷಕ್ಕಿಂತ ಸೊಸೆ ಸಂತೆಗೆ ಹೋದದ್ದು ಅವರಿಗೆ ದೊಡ್ಡದಾಗಿತ್ತು. ಎಲ್ಲ ಮುಗಿದ ಮೇಲೆ ಒಂದೇ ಮಾತು ಹೇಳಿದೆ: ‘ನಿಮ್ಮ ಕೊಟ್ಟಿಗೆಗೆ ಒಂದು ಗೊರಸೂ ಬರಲ್ಲ ಮಾವ. ನಿಮ್ಮ ಗಲ್ಲಾದಿಂದ ಒಂದು ಕಾಸೂ ಹೋಗಲ್ಲ.’ ಅವರು, ‘ಬಾಯಿ ಜೋರು’ ಎಂದು ಹೇಳಿ ಅಂಗಡಿಗೆ ಹೋದರು. ಬಾಯಿ ಜೋರು ಎನ್ನುವುದು ಆ ಮನೆಯಲ್ಲಿ ನನಗೆ ಖಾಯಂ ಆದ ಹೆಸರು.

ಆ ವರ್ಷವೇ ನನ್ನ ಮಗಳು ಹುಟ್ಟಿದಳು. ತೊಟ್ಟಿಲಲ್ಲಿ ಅವಳನ್ನು ನೋಡಿ ಒಂದು ತೀರ್ಮಾನಕ್ಕೆ ಬಂದೆ. ಇವಳು ಹಾಸನದಲ್ಲಿ ಹೈಸ್ಕೂಲು ಓದಬೇಕು, ಆಮೇಲೆ ಮೈಸೂರಿಗೆ ಹೋಗಿ ಕಾಲೇಜು ಓದಬೇಕು. ಯಾವ ವರ್ಷ ಯಾವ ಧಾರಣೆ ಬಿದ್ದರೂ ಇವಳನ್ನು ಕರೆದು, ಈ ವರ್ಷ ಆಗುವುದಿಲ್ಲ ಎಂದು ಯಾರೂ ಹೇಳಬಾರದು. ಈ ದನಗಳು ಅವಳವು, ಅಲ್ಲಿಯತನಕ ಹೆಣ್ಣು ದನ ಒಂದನ್ನೂ ಮಾರುವುದಿಲ್ಲ. ಯಾರ ಮುಂದೆಯೂ ಇದನ್ನು ಹೇಳಲಿಲ್ಲ, ನಮ್ಮವರಿಗೆ ಮಾತ್ರ ಹೇಳಿದೆ. ಅವರು ಮಗುವಿನ ಹಣೆ ಮುಟ್ಟಿ, ‘ಆಗ್ಲಿ’ ಎಂದರು.

ಮುಂದಿನ ವರ್ಷಗಳು ಹೇಗೆ ಹೋದವೆಂದರೆ, ಏನೂ ಆಗದ ಹಾಗೆ ಹೋದವು. ಅದೇ ಅದರ ಸೊಗಸು. ನನ್ನ ಪಾಲಿಗೆ ಹೋರಿಗರು ಬಂದರೆ ಬೆಳೆಸಿ, ಮಾರಿ, ಬಂದದ್ದರಲ್ಲಿ ಇನ್ನೊಂದು ಕೆಟ್ಟ ಸುಳಿಯ ಕಡಸು ಕೊಳ್ಳುತ್ತಿದ್ದೆ. ಹೆಣ್ಣುಗರು ಬಂದರೆ ಬೇರೆ ಊರಲ್ಲಿ ಪಾಲಿಗೆ ಬಿಡುತ್ತಿದ್ದೆ. ಒಂದೇ ಊರಲ್ಲಿ ಎಲ್ಲವನ್ನೂ ಬಿಡುತ್ತಿರಲಿಲ್ಲ. ಅಪ್ಪನ ಅಟ್ಟ ನನ್ನ ಕಣ್ಣಿಂದ ಹೋಗಿರಲಿಲ್ಲ. ಸಾಲಗಾಮೆ, ಬೂವನಹಳ್ಳಿ, ಅರಕಲಗೂಡಿನ ಕಡೆಯ ಒಂದು ಹಳ್ಳಿ, ಚನ್ನರಾಯಪಟ್ಟಣದಲ್ಲಿ ತವರಿನ ಪಕ್ಕ, ನಮ್ಮ ಊರಿನಲ್ಲೇ ಹೊಳೆಯಾಚೆ. ಅಷ್ಟೇ ಅಲ್ಲ, ಅಪ್ಪನಿಗೆ ಉಳಿದಿದ್ದ ಚಿಕ್ಕ ತೋಟದ ಬದುವಿನಲ್ಲಿ ಒಂದು ಹತ್ತು ತೆಂಗಿನ ಸಸಿ ನೆಡಿಸಿದೆ. ಪೋಸ್ಟಾಫೀಸಿನಲ್ಲಿ ಒಂದು ಪುಸ್ತಕ ಮಾಡಿಸಿ ಸ್ವಲ್ಪ ಸ್ವಲ್ಪ ಹಾಕಿದೆ. ಅಲ್ಲಿಯ ಗುಮಾಸ್ತ ಫಾರಂ ಕೊಡುತ್ತಾ, ಹೆಬ್ಬೆಟ್ಟು ಒತ್ತುತ್ತೀರಾ ಎಂದು ಶಾಯಿ ಮುಂದಿಟ್ಟ. ಅವನ ಕೈಯಿಂದಲೇ ಲೇಖನಿ ಇಸಿದುಕೊಂಡು ರುಜು ಹಾಕಿದೆ. ಮಿಡ್ಲ್ ಸ್ಕೂಲು ಪಾಸಾದವಳ ರುಜು ಹೇಗಿರುತ್ತದೆಂದು ಅವನೂ ನೋಡಲಿ.

ವರ್ಷಕ್ಕೊಮ್ಮೆ ಒಂದು ಸುತ್ತು ಹೋಗಿ ಎಲ್ಲ ದನಗಳನ್ನೂ ನೋಡಿ ಬರುತ್ತಿದ್ದೆ. ವರ್ಷಕ್ಕೊಮ್ಮೆ ಮಾತ್ರ. ಪದೇ ಪದೇ ಹೋಗಿ ಇಣುಕಿದರೆ ಸಾಕುವವರಿಗೂ ಬೇಸರ, ನಮಗೂ ತಳಮಳ. ಪ್ರತಿ ದನಕ್ಕೂ ನಾನೇ ಹೆಸರಿಟ್ಟಿದ್ದೆ. ನಮ್ಮವರು ಚೇಷ್ಟೆ ಮಾಡುತ್ತಿದ್ದರು: ‘ಗಂಡನ ಹೆಸರು ಹೇಳಕ್ಕೆ ನಾಚ್ಕೋತೀಯ, ದನಗಳ ಹೆಸರು ಮಾತ್ರ ಮೂರು ಹೊತ್ತೂ ಬಾಯಲ್ಲಿ.’ ದನ ಕರೆದರೆ ತಿರುಗಿ ನೋಡುತ್ತವೆ, ನೀವು ಪೇಪರು ಕೆಳಗಿಳಿಸುತ್ತೀರಾ ಎನ್ನುತ್ತಿದ್ದೆ.

ಒಂದು ವರ್ಷ ಹೊಳೆಯಾಚೆಯ ಹಳ್ಳಿಗೆ ದೊಡ್ಡರೋಗ ಬಂತು. ಬಾಯಿ ಹುಣ್ಣಾಗಿ, ಭೇದಿಯಾಗಿ, ವಾರದೊಳಗೆ ದನಗಳು ಸಾಲು ಸಾಲಾಗಿ ಸತ್ತವು. ಅಲ್ಲಿದ್ದ ನನ್ನ ಎರಡೂ ಹೋದವು. ಸಾಕುತ್ತಿದ್ದವನು ನನ್ನ ಮನೆ ಬಾಗಿಲಿಗೆ ಬಂದು ಎರಡು ಬರಿಯ ಹಗ್ಗ ಕೆಳಗಿಟ್ಟ. ಅವನ ಸ್ವಂತದ ಎತ್ತೂ ಸತ್ತಿತ್ತು. ಅವನಿಗೆ ಊಟ ಹಾಕಿ, ಒಳಗೆ ಹೋಗಿ ಅತ್ತುಬಿಟ್ಟೆ. ಆದರೆ ಉಳಿದ ಊರುಗಳಲ್ಲಿ ಒಂದಕ್ಕೂ ಏನೂ ಆಗಲಿಲ್ಲ. ಒಂದೇ ಕೊಟ್ಟಿಗೆಯಲ್ಲಿ ಇಟ್ಟಿದ್ದರೆ ಆ ವಾರ ಮಗಳ ಕಾಲೇಜು ಮಣ್ಣುಪಾಲಾಗುತ್ತಿತ್ತು.

ನಾನು ಸೋತದ್ದು ರೋಗಕ್ಕಲ್ಲ, ಹೆದರಿಕೆಗೆ.

ಯುದ್ಧದ ಕಾಲ. ಬಸ್ಸುಗಳು ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದವು, ಅಂಗಡಿಯಲ್ಲಿ ಸಕ್ಕರೆ, ಸೀಮೆಎಣ್ಣೆ ಎಲ್ಲ ಅಳತೆಯ ಮೇಲೆ. ಮಗಳಿಗೆ ಹತ್ತು ವರ್ಷ. ನಮ್ಮವರಿಗೆ ಜ್ವರ ಬಂತು. ಮೂರು ದಿನ, ಐದು ದಿನ, ಇಳಿಯಲೇ ಇಲ್ಲ. ಆಸ್ಪತ್ರೆಯ ಡಾಕ್ಟರು ಬಂದು ನೋಡಿ, ವಿಷಮಶೀತ ಜ್ವರ, ಇಪ್ಪತ್ತೊಂದು ದಿನವಾದರೂ ಬೇಕು, ಗಂಜಿ ಬಿಟ್ಟು ಏನೂ ಕೊಡಬೇಡಿ, ಉಳಿದದ್ದು ಅವನಿಚ್ಛೆ ಎಂದು ಹೇಳಿ ಹೋದರು. ಹತ್ತನೆಯ ದಿನ ನಮ್ಮವರು ನನ್ನನ್ನು ಗುರುತಿಸಲಿಲ್ಲ. ಏನೇನೋ ಬಡಬಡಿಸುತ್ತಿದ್ದರು.

ಅತ್ತೆ ಮಗನ ಹಣೆಗೆ ವಿಭೂತಿ ಹಚ್ಚಿ ಎದ್ದು ಬಂದು ನನ್ನೆದುರು ನಿಂತರು. ಬೈಯಲಿಲ್ಲ. ಬೈದಿದ್ದರೆ ನಾನೂ ಮಾತಾಡುತ್ತಿದ್ದೆ.

‘ನಿನ್ನ ಕಾಲಿಗೆ ಬೀಳ್ತೀನಿ ಕಣವ್ವ. ಆ ದನಗಳನ್ನ ಮಾರ್ಬುಡು. ಒಂದಲ್ಲ ಎರಡಲ್ಲ, ಅಷ್ಟೊಂದು ಕೆಟ್ಟ ಸುಳಿ ನೀನು ಕಟ್ಕೊಂಡಿದ್ದೀಯ. ಒಡತಿ ನೀನು, ಆದ್ರೆ ನಿನ್ನ ಒಡೆಯ ಅವನು. ಅವನ ಮೇಲೆ ಬಂದದೆ.’

ಅವರು ನಿಜವಾಗಿ ಬಗ್ಗಿದರು. ನಾನು ಹಿಡಿದುಕೊಂಡೆ. ಅವರ ಮಗ ಅಲ್ಲಿ ಮಲಗಿದ್ದಾರೆ, ನನ್ನ ಗಂಡ ಅಲ್ಲಿ ಮಲಗಿದ್ದಾರೆ, ಬುದ್ಧಿ ಎಲ್ಲಿಂದ ಕೆಲಸ ಮಾಡೀತು? ಹತ್ತು ವರ್ಷ ನಕ್ಕಿದ್ದವಳಿಗೆ ಆ ದಿನ ಆ ಸುಳಿಗಳೆಲ್ಲ ಕಣ್ಣ ಮುಂದೆ ತಿರುಗಿದವು. ಮಗಳ ವಿಷಯ ನೆನಪಾಗಲಿಲ್ಲ ಎಂದಲ್ಲ. ನೆನಪಾಯಿತು. ಅಪ್ಪನಿಲ್ಲದ ಮಗಳಿಗೆ ಕಾಲೇಜು ಏಕೆ ಎನಿಸಿತು.

ಮಾರನೆಯ ಬೆಳಿಗ್ಗೆ ಇದ್ದಿಲು ಬಸ್ಸು ಹತ್ತಿ ಅರಕಲಗೂಡಿಗೆ ಹೋದೆ. ಸಾಲಗಾಮೆಗೆ ಹೋಗದೆ ಅಲ್ಲಿಗೆ ಹೋದದ್ದೇಕೆಂದರೆ, ಮುದುಕಿಯ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಅರಕಲಗೂಡಿನ ಕಡೆ ನನ್ನ ಮೂರು ಹಸು, ಒಂದು ಜೊತೆ ಎಳೆಯ ಹೋರಿ ಇದ್ದವು. ಸಾಕುತ್ತಿದ್ದ ರೈತ, ‘ಒಂದು ತಿಂಗ್ಳು ತಡೀರವ್ವ, ಓರಿ ಪಳಗ್ತವೆ, ಒಳ್ಳೆ ರೇಟು ಬತ್ತದೆ’ ಎಂದ. ಇವತ್ತೇ ಆಗಬೇಕು ಎಂದೆ. ಇವತ್ತೇ ಆಗಬೇಕು ಎನ್ನುವವರನ್ನು ಕಂಡರೆ ದಲ್ಲಾಳಿಗೆ ಹಬ್ಬ. ಅವನು ಹಸುಗಳ ಬೆನ್ನು ಸವರಿ, ತಲೆಯಾಡಿಸಿ, ಹೋರಿಗಳನ್ನೂ ಅದರಲ್ಲೇ ಸೇರಿಸಿ, ಹಸುವಿನ ಬೆಲೆಗೂ ಕಡಿಮೆಗೆ ಹೊಡೆದುಕೊಂಡು ಹೋದ. ಎರಡು ವಾರದೊಳಗೆ ಹೋರಿಗಳನ್ನು ಮಾತ್ರ ನನಗೆ ಕೊಟ್ಟದ್ದರ ಎರಡರಷ್ಟಕ್ಕೆ ಮಾರಿದನೆಂದು ಆಮೇಲೆ ಗೊತ್ತಾಯಿತು. ಆ ದಲ್ಲಾಳಿಯನ್ನು ನಾನು ಬೈಯುವುದಿಲ್ಲ. ನನ್ನನ್ನೇ ಬೈದುಕೊಳ್ಳುತ್ತೇನೆ, ಈಗಲೂ.

ಮನೆಗೆ ಬಂದರೆ ಜ್ವರ ಹಾಗೇ ಇತ್ತು. ಮಾರನೆಯ ದಿನವೂ ಇತ್ತು. ಅದರ ಮಾರನೆಯ ದಿನವೂ. ಡಾಕ್ಟರು ಹೇಳಿದ್ದ ಇಪ್ಪತ್ತೊಂದನೆಯ ದಿನದ ಹತ್ತಿರ ಒಂದು ಬೆಳಿಗ್ಗೆ ಮೈಯೆಲ್ಲ ಬೆವೆತು, ಜ್ವರ ಬಿಟ್ಟಿತು. ಕಣ್ಣು ತೆರೆದು ನೀರು ಕೇಳಿದರು. ನಾನು ಲೋಟ ಹಿಡಿದುಕೊಂಡು ನಿಂತು ಕುಡಿಸುವುದನ್ನೇ ಮರೆತೆ.

ವಾರ ಕಳೆದು ಅವರು ದಿಂಬಿಗೆ ಒರಗಿ ಕೂರುವಂತಾದಾಗ ಅತ್ತೆ ಮಾತೆತ್ತಿದರು. ಮೂರು ಮಾರಿದ್ದಕ್ಕೆ ಮಗ ಉಳಿದ, ಉಳಿದವನ್ನೂ ಮಾರಿಬಿಡು ಎಂದು. ನನ್ನ ಬಾಯಿ ವಾಪಸು ಬಂದಿತ್ತು.

‘ಮಾರಿದ ಮೇಲೂ ಒಂಬತ್ತು ದಿನ ಜ್ವರ ಇತ್ತಲ್ಲ ಅತ್ತೆ. ದೋಷಕ್ಕೆ ಅರಕಲಗೂಡಿಂದ ಇಲ್ಲಿಗೆ ನಡ್ಕೊಂಡು ಬರಕ್ಕೆ ಅಷ್ಟು ದಿನ ಬೇಕಾಯ್ತಾ?’

‘ನೋಡು, ನೋಡು ಇವಳ ಬಾಯಿ’ ಎಂದು ಅತ್ತೆ ಮಗನ ಕಡೆ ತಿರುಗಿದರು.

ಜನ್ಮದಲ್ಲಿ ಯಾವ ಜಗಳದೊಳಗೂ ಬಾರದ ಮನುಷ್ಯ, ಕಡ್ಡಿಯಂತಾಗಿದ್ದ ಕೈ ಎತ್ತಿ ಇಬ್ಬರನ್ನೂ ಸುಮ್ಮನಿರಿಸಿದರು. ‘ಅವ್ವ, ನನ್ನ ಹಣೇಲಿ ಬರ್ಯೋದನ್ನ ಶಿವ ದನದ ಬೆನ್ನ ಮೇಲೆ ಯಾಕೆ ಬರೀತಾನೆ? ಇಲ್ಲೇ ಬೇಕಾದಷ್ಟು ಜಾಗ ಐತಲ್ಲ’ ಎಂದು ತಮ್ಮ ಅಗಲವಾದ ಹಣೆ ಮುಟ್ಟಿ ತೋರಿಸಿದರು. ಅತ್ತೆಗೆ ನಗು ಬಂತು, ಅಳುವೂ ಬಂತು. ನಮ್ಮವರು ನಗಲಿಲ್ಲ. ‘ಉಳಿದಿರೋವು ಮಗೂವು. ಇನ್ಮೇಲೆ ನನಗೇನಾದ್ರೂ ಅವನ್ನ ಮುಟ್ಟಬ್ಯಾಡಿ. ನೀನೂ ಅಷ್ಟೇ’ ಎಂದು ನನಗೆ ಹೇಳಿದರು. ಇಷ್ಟು ಮಾತಿಗೆ ಸುಸ್ತಾಗಿ ಮಲಗಿಬಿಟ್ಟರು. ಅತ್ತೆ ಮತ್ತೆ ಆ ಸುದ್ದಿ ಎತ್ತಲಿಲ್ಲ. ಅವರ ಮೇಲೆ ನನಗೆ ಆಗಲೂ ಕೋಪವಿರಲಿಲ್ಲ, ಈಗಲೂ ಇಲ್ಲ. ಹೆತ್ತವಳ ಹೆದರಿಕೆ ಅದು.

ನಾನು ಮಾತ್ರ ಆ ಮೂರು ಹಸುಗಳ ಜಾಗ ತುಂಬಲು ನಾಲ್ಕು ವರ್ಷ ತೆಗೆದುಕೊಂಡೆ. ಯುದ್ಧದಲ್ಲಿ ಎತ್ತುಗಳ ಬೆಲೆ ಏರಿದಾಗ ಊರಿಗೆ ಊರೇ ಮಾರಿತು. ಎಲ್ಲವನ್ನೂ ಮಾರು, ಇಂಥ ಬೆಲೆ ಮತ್ತೆ ಬರಲ್ಲ ಎಂದು ಹೇಳಿದವರು ಎಷ್ಟೋ ಜನ. ಹೋರಿಗಳನ್ನು ಮಾರಿದೆ, ಹಸುಗಳ ಹಗ್ಗ ಬಿಡಲಿಲ್ಲ. ಸಾಲಗಾಮೆಯ ಮುದುಕಿ ತೀರಿಕೊಂಡಳು. ಅವಳ ಸೊಸೆ ಅದೇ ಕರಾರಿನಲ್ಲಿ ಹಸುಗಳನ್ನು ಇಟ್ಟುಕೊಂಡಳು. ಕಾಗದ ಪತ್ರ ಏನೂ ಇರಲಿಲ್ಲ. ಒಂದು ಬಿಟ್ಟು ಒಂದು ಕರು ನನ್ನದು ಎನ್ನುವುದು ಇಬ್ಬರಿಗೂ ಗೊತ್ತಿತ್ತು, ಅದು ಒಂದು ಸಲವೂ ತಪ್ಪಲಿಲ್ಲ. ನಾಲ್ಕೂ ತಾಲ್ಲೂಕಿನಲ್ಲಿ ಯಾರೊಬ್ಬರೂ ನನಗೆ ಮೋಸ ಮಾಡಲಿಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ.

ಮಗಳು ಹಾಸನದಲ್ಲಿ ನನ್ನ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದಿದಳು. ನಾನು ಹೋಗಬೇಕಾಗಿದ್ದ ಸ್ಕೂಲು, ನಾನು ಮಲಗಬೇಕಾಗಿದ್ದ ಕೋಣೆ. ಅದರ ಖರ್ಚಿಗೆ ತೆಂಗಿನ ಮರಗಳೇ ಸಾಕಾದವು. ಅಷ್ಟು ಹೊತ್ತಿಗೆ ಫಲ ಬಿಡುತ್ತಿದ್ದವು. ಎಸ್ಸೆಸ್ಸೆಲ್ಸಿ ಪಾಸಾಗಿ ಬಂದ ದಿನ ಮಾವ ಅಂಗಡಿಯಲ್ಲಿ ಬಂದವರಿಗೆಲ್ಲ ಕಲ್ಲುಸಕ್ಕರೆ ಹಂಚಿದರು. ಕಾಲೇಜಿನ ಮಾತು ಬಂದಾಗ ಮುಖ ಬದಲಾಯಿತು.

‘ಇಷ್ಟು ಸಾಕು. ಮೈಸೂರಿಗೆ ಒಬ್ಬಳೇ ಹೆಣ್ಣು ಹುಡುಗೀನ ಕಳ್ಸೋದು ನಮ್ಮ ಮನೇಲಿಲ್ಲ. ಅಂಗಡಿಯಿಂದ ಅದಕ್ಕೆ ಚಿಕ್ಕಾಸು ಬಿಚ್ಚಲ್ಲ.’

‘ಅಂಗಡೀನ ಯಾರು ಕೇಳಿದ್ರು ಮಾವ?’

‘ಮತ್ತೆ? ಆ ದರಿದ್ರ ಸುಳಿ ದನಗಳಾ?’

‘ಅವೇ.’

‘ಎಷ್ಟವೆ?’

ಹದಿನೇಳು ವರ್ಷದಲ್ಲಿ ಅವರು ಈ ಪ್ರಶ್ನೆ ಕೇಳಿದ್ದು ಅದೇ ಮೊದಲು. ನಾನು ಊರೂರಿಗೆ ಹೇಳುತ್ತಾ ಹೋದೆ, ಹಸುವಿನ ಹೆಸರು, ಅದರ ಮಗಳ ಹೆಸರು, ಮೊಮ್ಮಗಳ ಹೆಸರು. ಹೋರಿಗಳು ಎಷ್ಟು ಜೊತೆ, ಯಾವ ಜೊತೆ ಯಾವ ವರ್ಷಕ್ಕೆ ಪಳಗುತ್ತದೆ, ಪುಸ್ತಕದಲ್ಲಿ ಎಷ್ಟಿದೆ. ವ್ಯಾಪಾರ ಮಾಡಿಯೇ ಮುದುಕರಾದವರು ಅವರು, ನಾನು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ಅವರಿಗೆ ತಿಳಿದಿತ್ತು. ಮಗಳು ಓದುವ ನಾಲ್ಕು ವರ್ಷಕ್ಕೆ ನಾಲ್ಕು ಜೊತೆ ಹೋರಿ ಸರದಿಯಲ್ಲಿ ನಿಂತಿದ್ದವು. ಒಂದು ಹಸುವನ್ನೂ ಮಾರಬೇಕಾಗಿರಲಿಲ್ಲ. ಅವರು ಪಂಚೆ ಕೊಡವಿಕೊಂಡು ಎದ್ದು ಹೋದರು. ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ನಾನು ಅಡಿಗೆಮನೆಗೆ ಹೋಗಿ ಒಬ್ಬಳೇ ನಕ್ಕೆ.

ಮಗಳು ಹೊರಡುವ ದಿನ ನಾನು, ನಮ್ಮವರು, ಮಗಳು ಟ್ರಂಕು ಹಾಸಿಗೆ ಗಾಡಿಗೆ ಹಾಕಿಕೊಂಡು ಸ್ಟೇಷನ್ನಿಗೆ ಹೋದೆವು. ಜೊತೆಯಲ್ಲಿ ಹೋಗುವವರು ನಮ್ಮವರು. ಹಾಸ್ಟೆಲಿಗೆ ಬಿಟ್ಟು ಬರುವುದು ಅವರ ಕೆಲಸ. ಅತ್ತೆ ಬಾಗಿಲಲ್ಲೇ ಮೊಮ್ಮಗಳ ತಲೆ ಸವರಿ, ಚಕ್ಕುಲಿ ಕೋಡುಬಳೆಯ ಡಬ್ಬ ಕೈಗಿಟ್ಟರು. ಮಾವ ಬೆಳಿಗ್ಗೆಯೇ ಅಂಗಡಿಗೆ ಹೋಗಿದ್ದರು. ಬರುವುದಿಲ್ಲವೆಂದುಕೊಂಡೆ. ರೈಲು ಬರುವ ಹೊತ್ತಿಗೆ ನೋಡುತ್ತೇನೆ, ಜರಿ ಪೇಟ ಸುತ್ತಿಕೊಂಡು, ಮದುವೆಗೆ ಹೋಗುವವರ ಹಾಗೆ ಬರುತ್ತಿದ್ದಾರೆ.

ಸ್ಟೇಷನ್ ಮಾಸ್ತರು ನಮ್ಮ ಅಂಗಡಿಯ ಗಿರಾಕಿ. ಮಾವನನ್ನು ಕಂಡು ಎದ್ದು ಬಂದರು. ಪ್ಲಾಟ್‌ಫಾರಂ ತುಂಬ ಊರಿನವರೇ, ನಾಲ್ಕು ಜನ ಸುತ್ತ ಸೇರಿದರು.

‘ಮೊಮ್ಮಗಳನ್ನ ಕಾಲೇಜಿಗೆ ಕಳಿಸ್ತಿದ್ದೀರಂತೆ, ಬಹಳ ಸಂತೋಷ ಯಜಮಾನರೆ. ಈ ಊರಲ್ಲಿ ಇಂಥ ಕೆಲಸ ಮಾಡಕ್ಕೆ ನಿಮ್ಮಂಥೋರೇ ಬೇಕು’ ಎಂದರು ಮಾಸ್ತರು.

ಹೊಗಳಿಕೆ ಎಂದರೆ ಮಾವನಿಗೆ ಬೇಡದ್ದೇನಲ್ಲ. ಹೌದು ಎಂದು ಮೀಸೆ ತಿರುವಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ, ನಾನೂ ಸುಮ್ಮನಿರುತ್ತಿದ್ದೆ. ಮನೆಯ ಯಜಮಾನ, ಯಾರು ಮಾಡಿದರೂ ಅದು ಅವರ ಹೆಸರಿಗೇ ಹೋಗುವುದು. ಅವರು ಕೋಲು ನೆಲಕ್ಕೆ ಊರಿದರು.

‘ನಾನು ಕಳಿಸ್ತಿಲ್ಲ ಸ್ವಾಮಿ. ನಾನು ಬ್ಯಾಡ ಅಂದೋನು’ ಎಂದರು. ‘ಕಳಿಸ್ತಿರೋಳು ಇವಳು, ನಮ್ಮ ಸೊಸೆ. ನನ್ನ ದುಡ್ಡು ಒಂದು ಕಾಸೂ ಇದರಲ್ಲಿಲ್ಲ. ಎಲ್ಲ ಅವಳದೇ.’

ಹೇಳಿ, ಪಕ್ಕಕ್ಕೆ ಸರಿದರು. ಅವರ ಹಿಂದೆ ನಿಂತಿದ್ದ ನಾನು ಎಲ್ಲರಿಗೂ ಕಾಣುವ ಹಾಗಾಯಿತು. ಸ್ಟೇಷನ್ ಮಾಸ್ತರು ಕೈ ಮುಗಿದು, ‘ನಮಸ್ಕಾರ ತಾಯಿ’ ಎಂದರು. ನನಗೆ ವಾಪಸು ಕೈ ಮುಗಿಯಬೇಕೆಂದೂ ಹೊಳೆಯಲಿಲ್ಲ. ಬಾಯಿ ಜೋರಿನವಳು ನಾನು, ಬಗ್ಗಿ ಮಗಳ ಟ್ರಂಕಿನ ಚಿಲಕ ಇನ್ನೊಮ್ಮೆ ನೋಡಿದೆ.

ರೈಲು ಬಂತು. ಮಗಳು ತಾತನ ಕಾಲಿಗೆ ನಮಸ್ಕಾರ ಮಾಡಿ, ನನ್ನ ಕಾಲಿಗೆ ನಮಸ್ಕಾರ ಮಾಡಿ, ಅಪ್ಪನ ಹಿಂದೆ ಹತ್ತಿ ಕಿಟಕಿಯ ಪಕ್ಕ ಕೂತಳು. ರೈಲು ಅಲುಗಿದಾಗ ಕಿಟಕಿಯಿಂದ ಮುಖ ಹೊರಗೆ ಹಾಕಿ ನೋಡಿದಳು.

‘ಅವ್ವ, ಅಳ್ತಿದ್ದೀಯಾ?’

‘ಹೂಂ ಕಣೆ, ಅಳ್ತಿದ್ದೀನಿ. ನೀನು ಹೋಗಿ ಓದ್ಕೋ’ ಎಂದೆ.